ಹಳ್ಳದ ಹಾಜರಿ ಪುಸ್ತಕ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಕೊಟ್ಟಿದ್ದ ವಿಷಯ ‘ಗ್ರಾಮೀಣ ವಿದ್ಯಾರ್ಥಿಗಳಿಗೆ ಸಾಫ್ಟ್‌ವೇರ್ ಕ್ಷೇತ್ರದಲ್ಲಿರುವ ಅವಕಾಶಗಳು’. ಬಿ.ಇ. ಮುಗಿಸಿ ಬೆಂಗಳೂರು ಸೇರಿದವನಿಗೆ ಆ ವಿಷಯ ಕೊಡುವುದು ಸಹಜ. ಅದನ್ನು ಮಧ್ಯಾಹ್ನ ಊಟವಾದ ಮೇಲೆ ಹತ್ತನೇ ತರಗತಿಯ ಮಕ್ಕಳ ಜೊತೆ ಕೂತು ಮಾತಾಡುತ್ತೇನೆ, ಕೇಳಿದಷ್ಟಕ್ಕೂ ಉತ್ತರ ಹೇಳುತ್ತೇನೆ. ವೇದಿಕೆಯ ಮೇಲಿನ ಈ ಇಪ್ಪತ್ತು ನಿಮಿಷದಲ್ಲಿ ಬೇರೊಂದು ವಿಷಯ ಮಾತಾಡುತ್ತೇನೆ ಎಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡೆ. ಅವರು ನಕ್ಕು ಒಪ್ಪಿದರು. ಅದು ಒಂದು ನಡಿಗೆಯ ವಿಷಯ. ಕೊನೆಯಲ್ಲಿ ಶಾಲೆಯ ಮುಂದೆ ಒಂದು ಬೇಡಿಕೆಯೂ ಇದೆ.

ಈ ವರ್ಷ ಶಿವರಾತ್ರಿಗೂ ಕಾಮನ ಹುಣ್ಣಿಮೆಗೂ ನಡುವಿನ ಒಂದು ಭಾನುವಾರ ನಾವು ಐದು ಜನ ಕಾನಿನೊಳಗಿನ ಒರತೆಯಿಂದ ಹೊರಟು, ಹಳ್ಳದ ದಂಡೆ ಹಿಡಿದು, ದಂಡಾವತಿ ಹೊಳೆಯವರೆಗೆ ನಡೆದೆವು. ನಾನು, ಇಲ್ಲಿಯೇ ಕೃಷಿ ಮಾಡಿಕೊಂಡಿರುವ ನನ್ನ ಸಹಪಾಠಿ, ಎಪ್ಪತ್ತು ದಾಟಿದ ನಮ್ಮ ದೊಡ್ಡಪ್ಪ, ಜೊತೆಗೆ ಇದೇ ಶಾಲೆಯಲ್ಲಿ ಎಂಟು ಮತ್ತು ಒಂಬತ್ತನೇ ತರಗತಿ ಓದುತ್ತಿರುವ ಇಬ್ಬರು ಮಕ್ಕಳು. ಅರಣ್ಯ ಇಲಾಖೆಯವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದೆವು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ವಿಚಾರಿಸಿದ್ದೆವು. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ.

ಬೆಂಗಳೂರಿನಲ್ಲಿ ಇದಕ್ಕೆ ‘ಟ್ರೆಕ್ಕಿಂಗ್’ ಅನ್ನುತ್ತಾರೆ. ವಾರದ ಕೊನೆಗೆ ಬಸ್ಸು ಮಾಡಿಕೊಂಡು ಕುದುರೆಮುಖಕ್ಕೋ ಕೊಡಚಾದ್ರಿಗೋ ಹೋಗುತ್ತಾರೆ. ನಾನೂ ಹೋಗಿದ್ದೇನೆ. ಒಮ್ಮೆ ಊರಿಗೆ ಬಂದಾಗ ಇದನ್ನು ದೊಡ್ಡಪ್ಪನಿಗೆ ವರ್ಣಿಸಿ ಹೇಳಿದರೆ ಅವರು, “ದುಡ್ಡು ಕೊಟ್ಟು ನಡೀತೀರೇನೋ ತಮ್ಮಾ? ನಾವು ದನ ಹುಡುಕಿಕೊಂಡು ಅದರ ಎರಡರಷ್ಟು ನಡೀತಿದ್ವಿ” ಅಂದರು. ಆ ಮಾತಿನಿಂದಲೇ ಈ ನಡಿಗೆ ಹುಟ್ಟಿತು.

ನಾವು ನಡೆದ ದಾರಿ ಹೊಸದಲ್ಲ. ಇಲ್ಲಿ ಕೂತಿರುವ ಅನೇಕರು ಅದೇ ದಾರಿಯಲ್ಲಿ ಶಾಲೆಗೆ ಬಂದವರು. ಕಾನಿನ ಅಂಚು, ಕೆರೆ ಏರಿ, ಗದ್ದೆ ಬದು, ಹಳ್ಳಕ್ಕೆ ಅಡ್ಡ ಹಾಕಿದ ಅಡಿಕೆ ದಬ್ಬೆಯ ಸಂಕ, ಆಮೇಲೆ ಶಾಲೆಯ ಗಂಟೆ. ಮಳೆಗಾಲದಲ್ಲಿ ಕೊಪ್ಪೆ ಹಾಕಿಕೊಂಡು, ಪುಸ್ತಕವನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು, ಜಿಗಣೆ ಕಿತ್ತೆಸೆಯುತ್ತ ಬರುತ್ತಿದ್ದೆವು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಅದು ಬಹಳ ಒಳ್ಳೆಯ ಕೆಲಸ. ದೂರ ಎಂಬ ಕಾರಣಕ್ಕೆ ಏಳನೇ ತರಗತಿಗೇ ಓದು ನಿಲ್ಲಿಸುತ್ತಿದ್ದ ಎಷ್ಟೋ ಹೆಣ್ಣುಮಕ್ಕಳು ಆ ಸೈಕಲ್ಲಿನಿಂದಾಗಿ ಹೈಸ್ಕೂಲು ಕಂಡರು. ಆದರೆ ಸೈಕಲ್ಲಿಗೆ ಸಂಕ ದಾಟಲು ಬರುವುದಿಲ್ಲ, ಅದಕ್ಕೆ ಡಾಂಬರು ರಸ್ತೆಯೇ ಬೇಕು. ಹೀಗೆ ಯಾರ ತಪ್ಪೂ ಇಲ್ಲದೆ ಕಾಲುದಾರಿಯ ಮೇಲೆ ಕಾಲು ಬೀಳುವುದು ನಿಂತಿತು. ಕಾಲು ಬೀಳದ ದಾರಿಯನ್ನು ಎರಡೇ ಮಳೆಗಾಲ ನುಂಗುತ್ತದೆ. ಈ ಸಲ ಎರಡು ಕಡೆ ದೊಡ್ಡಪ್ಪ ಕತ್ತಿ ಹಿಡಿದು ಮುಂದೆ ನಡೆಯಬೇಕಾಯಿತು.

ಕಾನು ಅಂದರೇನು ಎಂದು ಶಿಕಾರಿಪುರದ ಪೂರ್ವದ ಕಡೆಯಿಂದ ಬಂದ ಮಕ್ಕಳಿಗೆ ಸ್ವಲ್ಪ ಹೇಳಬೇಕು. ನಿಮ್ಮ ಕಡೆಯ ಕಾಡು ಬೇಸಿಗೆಗೆ ಎಲೆ ಉದುರಿಸುತ್ತದೆ. ಅಲ್ಲಿ ತೇಗ, ಮತ್ತಿ, ಹೊನ್ನೆ, ಮುತ್ತುಗ ಹೆಚ್ಚು. ಸೊರಬದಲ್ಲಿ, ಅದರಲ್ಲೂ ಚಂದ್ರಗುತ್ತಿಯ ಕಡೆ ಹೋದಂತೆ, ಗದ್ದೆ ಬಯಲುಗಳ ನಡುವೆ ದ್ವೀಪಗಳ ಹಾಗೆ ಹಸಿರು ಕಾಡಿನ ತುಂಡುಗಳಿವೆ. ವರ್ಷವಿಡೀ ಹಸಿರಾಗಿಯೇ ಇರುತ್ತವೆ. ಅವೇ ಕಾನುಗಳು. ಒಳಗೆ ಹೆಬ್ಬಲಸು, ಗುಳಮಾವು, ರಂಜ, ಸುರಗಿ, ಬೈನೆ. ಮರಕ್ಕೆ ಹಬ್ಬಿದ ಕಾಡುಮೆಣಸಿನ ಬಳ್ಳಿ. ಒಂದು ಮೂಲೆಯಲ್ಲಿ ಚೌಡಿಯ ಕಲ್ಲೋ ಭೂತಪ್ಪನ ಕಟ್ಟೆಯೋ ಇದ್ದೇ ಇರುತ್ತದೆ. ದೇವರ ಭಯ ಒಂದು ಕಡೆ, ಮೆಣಸಿನ ಆದಾಯ ಇನ್ನೊಂದು ಕಡೆ. ಎರಡೂ ಸೇರಿ ಹಿಂದಿನವರು ಅಲ್ಲಿ ಕೊಡಲಿ ಹಾಕದೆ, ಬೆಂಕಿ ಬೀಳದಂತೆ ನೋಡಿಕೊಂಡರು.

ನಮ್ಮ ಕಾನುಗಳು ಬರೀ ನಮ್ಮ ಅಜ್ಜ ಅಜ್ಜಿಯರ ಮಾತಿನಲ್ಲಿ ಉಳಿದಿಲ್ಲ, ಸರ್ಕಾರಿ ಕಾಗದದಲ್ಲೂ ಇವೆ. ಭಾರತದ ಅರಣ್ಯ ಇಲಾಖೆಯ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ಡೀಟ್ರಿಚ್ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿ ಸೇರಿ 1868ರ ಮೇ ತಿಂಗಳಲ್ಲಿ ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆಯೇ ಒಂದು ಜಂಟಿ ವರದಿ ಬರೆದರು. ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಒಂದೇ ತಾಲ್ಲೂಕಿನ ಕಾಡಿನ ತುಂಡುಗಳನ್ನು ನೋಡಿ ಬರೆಯಲು ಅಷ್ಟು ದೊಡ್ಡ ಅಧಿಕಾರಿ ಕೂತರೆಂದರೆ ಅವು ಎಂಥವಾಗಿದ್ದಿರಬೇಕು ಎಂದು ನೀವೇ ಊಹಿಸಿ. ನಮ್ಮ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಇದೇ ಕಾನುಗಳಲ್ಲಿ ಓಡಾಡಿ ಮರಗಳ ಪಟ್ಟಿ ಮಾಡಿದ್ದಾರೆ. ದೂರದವರೆಲ್ಲ ಬಂದು ಬರೆದುಕೊಂಡು ಹೋಗಿದ್ದಾರೆ. ಕಾನಿನ ಬುಡದಲ್ಲೇ ಇರುವ ನಾವು ಒಂದು ಪುಟವನ್ನೂ ಬರೆದಿಟ್ಟಿಲ್ಲ. ನನ್ನ ಬೇಡಿಕೆಯ ಬೇರು ಇಲ್ಲಿದೆ.

ಈಗ ನಡಿಗೆಗೆ ಬರುತ್ತೇನೆ. ಪಂಚಾಂಗದ ಪ್ರಕಾರ ವಸಂತ ಬರುವುದು ಯುಗಾದಿಗೆ. ಕಾನು ಅಷ್ಟು ದಿನ ಕಾಯುವುದಿಲ್ಲ. ಶಿವರಾತ್ರಿಯ ಹೊತ್ತಿಗೇ ಅಲ್ಲಿ ಚಿಗುರು ಬಂದಿರುತ್ತದೆ. ಎಳೆ ಎಲೆ ಹಸಿರಾಗಿರುವುದಿಲ್ಲ, ಕೆಂಪು, ತಾಮ್ರ, ಕೆಲವು ಕಡೆ ನೇರಳೆ ಬಣ್ಣ. ಸಾಗಡೆ ಮರವಂತೂ ದೂರದಿಂದ ನೋಡಿದರೆ ಹೂ ಬಿಟ್ಟಿದೆ ಅನ್ನಿಸುತ್ತದೆ, ಹತ್ತಿರ ಹೋದರೆ ಬರೀ ಎಲೆ. ಎಳೆಯ ಎಲೆಗೆ ಬಿಸಿಲಿನ ಝಳ ತಾಗದಂತೆ ಆ ಕೆಂಪು ಬಣ್ಣ ಕಾಯುತ್ತದೆ ಎಂದು ಸಸ್ಯಶಾಸ್ತ್ರ ಹೇಳುತ್ತದೆ. ಎಂಟನೇ ತರಗತಿಯ ಹುಡುಗಿ ಕೇಳಿದ ಪ್ರಶ್ನೆ ನನಗೆ ಇನ್ನೂ ಇಷ್ಟವಾಯಿತು: “ಮಳೆ ನಿಂತು ನಾಲ್ಕು ತಿಂಗಳಾಯ್ತಲ್ಲ ಅಣ್ಣಾ, ಚಿಗುರೋಕೆ ನೀರು ಎಲ್ಲಿಂದ ಬಂತು?”

ಉತ್ತರ ನಮ್ಮ ಕಾಲ ಕೆಳಗೇ ಇತ್ತು. ಕಾನಿನ ನೆಲದ ಮೇಲೆ ಒಂದು ಗೇಣು ದರಗು ಬಿದ್ದಿರುತ್ತದೆ. ಮೇಲಿನ ಪದರ ಒಣಗಿ ಸದ್ದು ಮಾಡುತ್ತದೆ. ಕೈ ಹಾಕಿ ಎರಡು ಪದರ ತೆಗೆದರೆ ಒದ್ದೆ. ಅದರ ಕೆಳಗೆ ಕಪ್ಪು ಮಣ್ಣು, ಹಿಂಡಿದರೆ ಕೈಗೆ ತಂಪು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಮಳೆ ಮೊದಲು ಎಲೆಯ ಮೇಲೆ, ಆಮೇಲೆ ದರಗಿನ ಮೇಲೆ ಬಿದ್ದು, ಓಡದೆ ಇಂಗುತ್ತದೆ. ಬೇರಿನ ಜಾಡು, ಗೆದ್ದಲು ಮಾಡಿದ ತೂತು, ಜಂಬಿಟ್ಟಿಗೆ ಕಲ್ಲಿನ ಸಂದು ಇವುಗಳಲ್ಲಿ ಇಳಿದು ನಿಧಾನವಾಗಿ ಕೆಳಗೆ ಸರಿಯುತ್ತದೆ. ನಾಲ್ಕು ತಿಂಗಳಲ್ಲಿ ಬಂದ ನೀರನ್ನು ಎಂಟು ತಿಂಗಳು ತೂಗಿ ತೂಗಿ ಕೊಡುವ ಕೆಲಸ ಅದರದ್ದು. ನಮ್ಮ ಮನೆಯ ಅಮ್ಮಂದಿರು ಸುಗ್ಗಿಯಲ್ಲಿ ಬಂದ ಭತ್ತವನ್ನು ಪಣತದಲ್ಲಿ ತುಂಬಿ ಮುಂದಿನ ಸುಗ್ಗಿಯವರೆಗೆ ಅಳೆದು ಕೊಡುತ್ತಿದ್ದರಲ್ಲ, ಹಾಗೆ. ಕಾನು ನಮ್ಮ ನೀರಿನ ಪಣತ.

ಒರತೆ ಇರುವುದು ಒಂದು ದೊಡ್ಡ ಗುಳಮಾವಿನ ಬುಡದಲ್ಲಿ. ಬೊಗಸೆಯಷ್ಟು ಜಾಗ. ನೋಡುತ್ತ ನಿಂತರೆ ಮರಳಿನ ಕಣ ಮೆಲ್ಲಗೆ ಮೇಲೆದ್ದು ಕೂರುತ್ತದೆ. ಅದರಿಂದ ಮಾತ್ರ ಗೊತ್ತಾಗುತ್ತದೆ ನೀರು ಬರುತ್ತಿದೆ ಎಂದು. ಅಲ್ಲಿಂದ ಬೆರಳು ಗಾತ್ರದ ಹರಿವು, ಇನ್ನೂರು ಹೆಜ್ಜೆ ಕೆಳಗೆ ಮೂರು ಇಂಥವು ಸೇರಿ ಹಳ್ಳ. ಸುರಗಿ ಹೂವಿನ ಕಾಲ ಅದು. ಮರ ಎಲ್ಲಿದೆ ಎಂದು ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಗೊತ್ತಾಗಿತ್ತು. ಎಲ್ಲೋ ಮೇಲೆ ಕುಟುರ ಹಕ್ಕಿ ಬಿಡುವಿಲ್ಲದೆ ಕೂಗುತ್ತಿತ್ತು. ಮಂಗಟ್ಟೆ ಹಕ್ಕಿಯ ಒಂದು ಜೋಡಿ ದಾಟಿ ಹೋಯಿತು. ಪಂಪ ಬನವಾಸಿ ನಾಡನ್ನು ಯಾಕೆ ಅಷ್ಟು ನೆನೆದ ಎಂದು ಕನ್ನಡ ಮೇಷ್ಟ್ರು ನಮಗೆ ಪಾಠ ಮಾಡಿದ್ದರು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಬನವಾಸಿ ನಮ್ಮ ಸೊರಬಕ್ಕೆ ಅಂಟಿಕೊಂಡೇ ಇದೆ. ಆ ಪಾಠದ ಅರ್ಧವನ್ನು ಶಾಲೆಯ ಕೋಣೆಯಲ್ಲಿ ಮಾಡಬಹುದು. ಉಳಿದರ್ಧವನ್ನು ಈ ತಿಂಗಳಲ್ಲಿ ಇಲ್ಲಿ ನಿಂತೇ ಮಾಡಬೇಕು.

ಕಾನು ದಾಟಿದ ಮೇಲೆ ಅಕೇಶಿಯಾ ನೆಡುತೋಪು. ಸಾಲಾಗಿ ನಿಂತ ಮರ. ಅಲ್ಲಿಯೂ ಎಲೆ ಬಿದ್ದಿದೆ, ಆದರೆ ಕೆಳಗೆ ಕೈ ಹಾಕಿದರೆ ನೆಲ ಗಟ್ಟಿ, ಒಣ. ಹಕ್ಕಿಯ ಸದ್ದು ಥಟ್ಟನೆ ನಿಂತದ್ದನ್ನು ಮಕ್ಕಳೇ ಗಮನಿಸಿ ಹೇಳಿದರು. ಅದರಾಚೆ ಶುಂಠಿ ಬೆಳೆದು ಬಿಟ್ಟ ನೆಲ, ಆಮೇಲೆ ಕೆರೆ. ಕೆರೆಯ ಕೆಳಗೆ ಗದ್ದೆ, ಗದ್ದೆಯ ಪಕ್ಕ ಅಡಿಕೆ ತೋಟ, ತೋಟದ ಅಂಚಿನಲ್ಲಿ ಮತ್ತೆ ಹಳ್ಳ. ಕಾನು, ಕೆರೆ, ಗದ್ದೆ, ಹಳ್ಳ, ಹೊಳೆ. ನಮ್ಮ ಸೀಮೆಯ ಊರುಗಳನ್ನು ಈ ಕ್ರಮದಲ್ಲೇ ಕಟ್ಟಿದ್ದಾರೆ. ಮೇಲಿನದು ಕೆಳಗಿನದಕ್ಕೆ ಕೊಡುತ್ತದೆ. ಮೇಲಿನ ಒಂದು ಮೆಟ್ಟಿಲು ಮುರಿದರೆ ಕೆಳಗಿನ ನಾಲ್ಕಕ್ಕೂ ಗೊತ್ತಾಗುತ್ತದೆ, ಆದರೆ ಹತ್ತು ವರ್ಷ ತಡವಾಗಿ ಗೊತ್ತಾಗುತ್ತದೆ.

ಇನ್ನು ಆರೋಗ್ಯ ಕೇಂದ್ರದ ವಿಷಯ. ಮಂಗನ ಕಾಯಿಲೆಯನ್ನು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ‘ಕ್ಯಾಸನೂರು ಅರಣ್ಯ ಕಾಯಿಲೆ’ ಎಂದು ಕರೆಯುತ್ತಾರೆ. ಕ್ಯಾಸನೂರು ಇರುವುದು ನಮ್ಮ ಸೊರಬ ತಾಲ್ಲೂಕಿನಲ್ಲಿ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗಳ ಜನರಿಗೆ ಜ್ವರ ಬಂದಾಗ ವಿಜ್ಞಾನಿಗಳು ಇದರ ವೈರಸ್ಸನ್ನು ಮೊದಲ ಬಾರಿಗೆ ಗುರುತಿಸಿದರು. ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಉಣುಗು ಕಚ್ಚಿ ಬರುತ್ತದೆ. ಮರಿ ಉಣುಗುಗಳು ಹೆಚ್ಚಾಗಿ ಓಡಾಡುವುದು ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ, ಅಂದರೆ ಕಾನು ಚಿಗುರುವ ಈ ಚಂದದ ಕಾಲದಲ್ಲೇ. 2019ರಲ್ಲಿ ನೆರೆಯ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಎಷ್ಟು ಕಷ್ಟವಾಯಿತು ಎಂಬುದು ನಿಮಗೆಲ್ಲ ನೆನಪಿದೆ.

ಆದ್ದರಿಂದ ಚಂದವನ್ನು ಮಾತ್ರ ಹೇಳಿ ಅಪಾಯವನ್ನು ಬಿಡುವುದು ಸರಿಯಲ್ಲ. ಸುತ್ತಮುತ್ತ ಮಂಗ ಸತ್ತ ಸುದ್ದಿ ಇದೆಯೇ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿ, ಇಲ್ಲ ಎಂದ ಮೇಲೆಯೇ ಹೊರಟೆವು. ಅವರು ಕೊಟ್ಟ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡೆವು. ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು. ದರಗಿನ ಮೇಲೆ ಕೂರಲಿಲ್ಲ, ಊಟಕ್ಕೆ ಬಂಡೆ ಹುಡುಕಿದೆವು. ದರಗಿಗೆ ಕೈ ಹಾಕಿ ನೋಡಿದಾಗಲೂ ತೋಳು ಮಡಿಸಲಿಲ್ಲ. ಕೂಡಲೇ ಕೈ ನೋಡಿಕೊಂಡು ಒರೆಸಿ, ಮತ್ತೆ ತೈಲ ಹಚ್ಚಿದೆವು. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈ ತೊಳೆದು, ಒಬ್ಬರ ಮೈ ಒಬ್ಬರು ನೋಡಿಕೊಂಡೆವು. ಮುಂದಿನ ಎರಡು ವಾರ ಯಾರಿಗೆ ಜ್ವರ ಬಂದರೂ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಬೇಕು ಎಂದು ಮಕ್ಕಳ ತಾಯಂದಿರಿಗೂ ತಿಳಿಸಿದ್ದೆವು. ಜ್ವರ ಯಾರಿಗೂ ಬರಲಿಲ್ಲ. ಮಂಗ ಸತ್ತದ್ದು ಕಂಡರೆ ಮುಟ್ಟದೆ, ಹತ್ತಿರ ಹೋಗದೆ, ಆರೋಗ್ಯ ಇಲಾಖೆಗೆ ತಿಳಿಸಬೇಕು. ಇದು ನಮ್ಮ ತಾಲ್ಲೂಕಿನ ಪ್ರತಿ ಮಗುವಿಗೂ ಗೊತ್ತಿರಬೇಕಾದ ಪಾಠ. ಕಾಡಿಗೆ ಹೆದರಿ ದೂರ ಇರುವುದು ಒಂದು ದಾರಿ. ಆದರೆ ದೂರ ಇದ್ದವರಿಗೆ ಕಾಡು ಹೋದದ್ದೂ ತಿಳಿಯುವುದಿಲ್ಲ. ಗೊತ್ತುಮಾಡಿಕೊಂಡು ಹತ್ತಿರ ಹೋಗುವುದು ಇನ್ನೊಂದು ದಾರಿ.

ಹೊಳೆ ಹತ್ತಿರ ಬಂದಂತೆ ದಂಡೆಯಲ್ಲಿ ಹೊಳೆಮತ್ತಿ, ನೇರಳೆ, ನಡುವೆ ಕಾಡುಮಾವು. ಅಪ್ಪೆಮಿಡಿಯ ಕಾಲ ಆಗಷ್ಟೇ ಶುರುವಾಗಿತ್ತು. ಹೊಳೆ, ಹಳ್ಳಗಳ ದಂಡೆಯ ತೇವದಲ್ಲಿ ಬೆಳೆದ ಈ ಮರಗಳ ಮಿಡಿಗೆ ಬರುವ ಸೊನೆಯ ಪರಿಮಳ ಬೇರೆಲ್ಲೂ ಇಲ್ಲ. ಒಂದೊಂದು ಮರದ್ದೂ ಒಂದೊಂದು ಬಗೆ. ಕೆಲವದಕ್ಕೆ ಜೀರಿಗೆಯ ವಾಸನೆ, ಕೆಲವದಕ್ಕೆ ಕರ್ಪೂರದ್ದು. ಮಲೆನಾಡಿನ ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ನಾವು ಕಂಡ ಒಂದು ಮರದಲ್ಲಿ ಮಿಡಿ ಕೊಯ್ಯುವ ಬದಲು ರೆಂಬೆಗಳನ್ನೇ ಕಡಿದು ಇಳಿಸಿದ್ದರು. ದೊಡ್ಡಪ್ಪ ಆ ಮರದ ಬುಡದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. “ಇದರ ಉಪ್ಪಿನಕಾಯಿ ನಿಮ್ಮ ಅಜ್ಜಿ ಮೂರು ವರ್ಷ ಇಡ್ತಿದ್ದಳು” ಎಂದಷ್ಟೇ ಹೇಳಿ ಮುಂದೆ ಹೋದರು.

ದಂಡಾವತಿ ತಲುಪಿದಾಗ ಹನ್ನೊಂದೂವರೆ. ಜುಲೈ, ಆಗಸ್ಟಿನಲ್ಲಿ ದಂಡೆ ಮೀರಿ ಗದ್ದೆಗೆ ನುಗ್ಗುವ ಹೊಳೆ ಆ ದಿನ ಬಂಡೆಯಿಂದ ಬಂಡೆಗೆ ದಾಟುವಷ್ಟು ಸಣ್ಣಗಾಗಿತ್ತು. ಆದರೆ ಹರಿಯುತ್ತಿತ್ತು. ಸೊರಬದ ರಂಗನಾಥನ ಗುಡಿಯ ಬದಿಯಲ್ಲಿ ಹರಿಯುವ ಈ ಹೊಳೆ ಮುಂದೆ ಬಂಕಸಾಣದಲ್ಲಿ ವರದಾ ನದಿಯನ್ನು ಸೇರುತ್ತದೆ. ವರದೆ ಸಾಗರದ ಇಕ್ಕೇರಿ ಬಳಿಯ ವರದಾಮೂಲದಲ್ಲಿ ಹುಟ್ಟಿ, ಬನವಾಸಿ ದಾಟಿ, ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ. ಶಿಕಾರಿಪುರದವರ ಕುಮುದ್ವತಿ ಹುಂಚದ ಕಡೆಯಿಂದ ಬಂದು, ಅಂಜನಾಪುರ ಜಲಾಶಯ ತುಂಬಿ, ಅದೂ ತುಂಗಭದ್ರೆಯನ್ನೇ ಸೇರುತ್ತದೆ. ಎರಡು ತಾಲ್ಲೂಕಿನ ಮಕ್ಕಳು ಈ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತ ಹಾಗೆ, ಎರಡು ತಾಲ್ಲೂಕಿನ ನೀರು ಕೆಳಗೆ ಒಂದೇ ಹೊಳೆಯಲ್ಲಿ ಕೂಡುತ್ತದೆ. ಅರಬ್ಬಿ ಸಮುದ್ರ ಇಷ್ಟು ಹತ್ತಿರ ಇದ್ದರೂ ನಮ್ಮ ಕಾನಿನ ಒರತೆಯ ಹನಿ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇದನ್ನು ಹೇಳಿದಾಗ ಒಂಬತ್ತನೇ ತರಗತಿಯ ಹುಡುಗ ಹಳ್ಳದ ಕಡೆ ತಿರುಗಿ ನೋಡಿ, “ಇಷ್ಟೇ ಇಷ್ಟು ಇದ್ಕೊಂಡು ಅಷ್ಟು ದೂರ ಹೋಗ್ತದಾ?” ಅಂದ.

ಈಗ ಕಷ್ಟದ ಮಾತು. ನಡಿಗೆಯಲ್ಲಿ ಹಳ್ಳದ ಉದ್ದಕ್ಕೂ ನೀರೆತ್ತುವ ಮೋಟರುಗಳನ್ನು ಮಕ್ಕಳು ಎಣಿಸುತ್ತಿದ್ದರು. ಅವುಗಳಲ್ಲಿ ಒಂದು ನಮ್ಮ ಮನೆಯದು. ನನ್ನನ್ನು ಓದಿಸಿದ್ದು ಅದರ ನೀರು ಕುಡಿದ ಅಡಿಕೆ ತೋಟ. ಪ್ರತಿ ಮೋಟರಿನ ಹಿಂದೆ ಒಂದು ಮನೆ ಇದೆ, ಮಗಳ ಮದುವೆ ಇದೆ, ಮಗನ ಫೀಸು ಇದೆ. ಶುಂಠಿ ಹಾಕಿದವನಿಗೂ ಸಾಲ ಇದೆ. ಬಗರ್‌ಹುಕುಂ ಜಮೀನಿನವರಿಗೆ ಹಕ್ಕುಪತ್ರದ ಚಿಂತೆ ಇದೆ. ನನ್ನ ಸಹಪಾಠಿ ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚುತ್ತ ನೇರವಾಗಿಯೇ ಹೇಳಿದ: “ನೀನು ನಾಳೆ ರಾತ್ರಿ ಬಸ್ಸಿಗೆ ಹೋಗ್ತೀಯ ಮಾರಾಯಾ. ಕಾನು ಉಳೀಬೇಕು ಅಂತ ನಂಗೂ ಇದೆ. ಆದ್ರೆ ಏಪ್ರಿಲ್‌ನಾಗೆ ತೋಟ ಒಣಗೋದು ನನ್ನ ಕಣ್ಣೆದುರು.” ಅವನ ಮಾತು ಸರಿ. ಬೆಂಗಳೂರಿನಿಂದ ಬಂದು ಕಾಡು ಉಳಿಸಿ ಎಂದು ಭಾಷಣ ಮಾಡಿ ಹೋಗುವುದು ಸುಲಭ. ಯಾವ ಜಮೀನು ಯಾರದ್ದು ಎಂದು ತೀರ್ಮಾನಿಸಲು ಸರ್ಕಾರ, ನ್ಯಾಯಾಲಯ ಇವೆ. ನಾನು ಅದಕ್ಕೆ ಬಂದವನಲ್ಲ.

ಆದರೆ ಅವನೇ ಮುಂದುವರಿಸಿ ಹೇಳಿದ ಇನ್ನೊಂದು ಮಾತಿದೆ. “ಹಳ್ಳ ಮೊದಲು ಯುಗಾದಿವರೆಗೆ ಹರೀತಿತ್ತು ಅಂತ ಅಪ್ಪ ಹೇಳ್ತಾನೆ. ಪಕ್ಕದ ಮನೆಯವರು ಇಲ್ಲ, ಅದು ಯಾವಾಗ್ಲೂ ಶಿವರಾತ್ರಿಗೇ ನಿಲ್ತಿತ್ತು ಅಂತಾರೆ. ಯಾರ ಮಾತು ನಂಬೋದು?” ದೊಡ್ಡಪ್ಪನ ಲೆಕ್ಕ ಮೂರನೆಯದು. ಊರಿನ ಮೂವರು ಹಿರಿಯರು, ಮೂರು ನೆನಪು. ನೀರಿನ ಬಗ್ಗೆ ನಮ್ಮ ಊರುಗಳಲ್ಲಿ ನಡೆಯುವ ಜಗಳಗಳಲ್ಲಿ ಅರ್ಧ ಹೀಗೇ ಹುಟ್ಟುತ್ತವೆ. ಮೇಲಿನ ತೋಟದವನು ಕೆಳಗಿನವನನ್ನು, ಕೆಳಗಿನವನು ಮೇಲಿನವನನ್ನು ದೂರುತ್ತಾನೆ. ಅಳತೆ ಯಾರ ಹತ್ತಿರವೂ ಇಲ್ಲ. ನನ್ನ ಕೆಲಸದಲ್ಲಿ ಯಂತ್ರ ಕೆಟ್ಟಾಗ ನಾವು ಮೊದಲು ಯಾರನ್ನೂ ಬಯ್ಯುವುದಿಲ್ಲ, ಅದು ಏನೇನು ಮಾಡಿತು ಎಂಬ ದಿನಚರಿಯನ್ನು ತೆರೆದು ನೋಡುತ್ತೇವೆ. ದಿನಚರಿ ಇಲ್ಲದಿದ್ದರೆ ಊಹೆಯಲ್ಲೇ ರಾತ್ರಿ ಕಳೆಯುತ್ತದೆ. ನಮ್ಮ ಹಳ್ಳಕ್ಕೆ ದಿನಚರಿ ಇಲ್ಲ.

ನನ್ನ ಬೇಡಿಕೆ ಇಷ್ಟೇ. ಈ ಶಾಲೆ ನಮ್ಮ ಹಳ್ಳಕ್ಕೆ ಒಂದು ಹಾಜರಿ ಪುಸ್ತಕ ಇಡಬೇಕು.

ಇಲ್ಲಿ ಐವತ್ತು ವರ್ಷಗಳಿಂದ ಪ್ರತಿದಿನ ಮಕ್ಕಳ ಹಾಜರಿ ಬರೆಯುತ್ತ ಬಂದಿದ್ದಾರೆ. ಯಾರು ಬಂದರು, ಯಾರು ಬರಲಿಲ್ಲ, ಎಷ್ಟು ದಿನದಿಂದ ಬರಲಿಲ್ಲ ಎಂದು ನೋಡಿ ಮೇಷ್ಟ್ರು ಮನೆಗೆ ಹೋಗಿ ವಿಚಾರಿಸಿದ್ದರಿಂದಲೇ ನಮ್ಮಲ್ಲಿ ಕೆಲವರು ಈ ವೇದಿಕೆ ಮುಟ್ಟಿದ್ದೇವೆ. ಹಳ್ಳಕ್ಕೂ ಹಾಗೇ. ಪ್ರತಿ ವರ್ಷ ಶಿವರಾತ್ರಿಯ ನಂತರದ ಒಂದು ದಿನ ಒಂಬತ್ತನೇ ತರಗತಿಯ ಮಕ್ಕಳು ಶಿಕ್ಷಕರು, ಒಬ್ಬಿಬ್ಬರು ಊರ ಹಿರಿಯರು, ಹಳೆಯ ವಿದ್ಯಾರ್ಥಿಗಳ ಜೊತೆ ಈ ದಾರಿಯಲ್ಲಿ ನಡೆಯಲಿ. ಮಂಗ ಸತ್ತ ವರದಿ ಇದ್ದ ವರ್ಷ ಕಾನಿನೊಳಗೆ ಹೋಗುವುದು ಬೇಡ, ರಸ್ತೆ ಬದಿಯ ಸೇತುವೆಯಲ್ಲಿ ನಿಂತು ಅಳೆದರೆ ಸಾಕು. ಬರೆಯಬೇಕಾದ್ದು ನಾಲ್ಕೇ ವಿಷಯ: ಒರತೆಯಲ್ಲಿ ನೀರಿದೆಯೇ, ಹಳ್ಳದಲ್ಲಿ ಎಷ್ಟು ನೀರು, ಯಾವ ಮರ ಹೂ ಬಿಟ್ಟಿದೆ, ಹಳ್ಳ ಹರಿಯುವುದು ನಿಂತ ದಿನ ಯಾವುದು. ಕೊನೆಯದನ್ನು ಹಳ್ಳದ ಪಕ್ಕದ ಮನೆಯ ಮಗು ಬಂದು ಹೇಳಿದರಾಯಿತು.

ಹಳ್ಳದ ನೀರು ಅಳೆಯಲು ಯಂತ್ರ ಬೇಡ. ಒಂದು ಟೇಪು, ಒಂದು ಅಡ್ಡಪಟ್ಟಿ, ಕೈಗಡಿಯಾರ, ಒಂದು ಒಣ ಎಲೆ ಸಾಕು. ನೇರವಾಗಿ ಹರಿಯುವ ಕಡೆ ಹತ್ತು ಮೀಟರ್ ಗುರುತು ಮಾಡಿ, ಎಲೆ ಬಿಟ್ಟು, ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆ ನೋಡಿ. ಉದಾಹರಣೆಗೆ ಹಳ್ಳದ ಅಗಲ ಒಂದೂವರೆ ಮೀಟರ್, ಸರಾಸರಿ ಆಳ 10 ಸೆಂಟಿಮೀಟರ್, ಎಲೆಗೆ 50 ಸೆಕೆಂಡ್ ಹಿಡಿಯಿತು ಎನ್ನಿ. ವೇಗ ಸೆಕೆಂಡಿಗೆ 0.2 ಮೀಟರ್. ಅಗಲ, ಆಳ, ವೇಗ ಗುಣಿಸಿದರೆ 0.03 ಘನ ಮೀಟರ್, ಅಂದರೆ ಸೆಕೆಂಡಿಗೆ 30 ಲೀಟರ್. ಮೇಲ್ಮೈ ನೀರು ತಳದ ನೀರಿಗಿಂತ ವೇಗವಾಗಿ ಹೋಗುವುದರಿಂದ ಅದನ್ನು 0.8ರಿಂದ ಗುಣಿಸಬೇಕು. ಬಂದದ್ದು 24 ಲೀಟರ್. ದಿನಕ್ಕೆ ಸುಮಾರು 20 ಲಕ್ಷ ಲೀಟರ್! ಮಕ್ಕಳೇ, ಗಣಿತ ಯಾಕೆ ಬೇಕು ಎಂದು ಕೇಳುತ್ತೀರಲ್ಲ, ಇದಕ್ಕೆ ಬೇಕು. ಈ ಲೆಕ್ಕ ಇದ್ದರೆ ಇಷ್ಟು ಮನೆಗೆ ಇಷ್ಟು ನೀರು, ವಾರದಲ್ಲಿ ಇಂಥ ದಿನ ಇವರು, ಇಂಥ ದಿನ ಅವರು ಎಂದು ಊರವರೇ ಕೂತು ಮಾತಾಡಬಹುದು. ಲೆಕ್ಕ ಇಲ್ಲದಿದ್ದರೆ ಉಳಿಯುವುದು ಜಗಳ ಮಾತ್ರ.

ಒಂದು ವರ್ಷದ ಪುಟದಿಂದ ಏನೂ ತಿಳಿಯುವುದಿಲ್ಲ. ಮಳೆ ಹೆಚ್ಚು ಕಡಿಮೆ ಆಗಿರುತ್ತದೆ. ಹತ್ತು ವರ್ಷದ ಪುಟಗಳು ಮಾತಾಡತೊಡಗುತ್ತವೆ. ಶಾಲೆಗೆ ನೂರು ತುಂಬುವಾಗ ಆ ಪುಸ್ತಕದಲ್ಲಿ ಐವತ್ತು ಪುಟ ಇರುತ್ತದೆ. ಇಂಥ ದಾಖಲೆ ಇಡುವುದು ಈ ನೆಲಕ್ಕೆ ಹೊಸದೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬಶಾಸನವನ್ನು ನಾವೆಲ್ಲ ಕದಂಬರ ಮಯೂರಶರ್ಮನ ಕಥೆಗಾಗಿ ನೆನೆಯುತ್ತೇವೆ. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ಬರೆದ ಆ ಶಾಸನ, ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಅಲ್ಲಿನ ದೇವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನೂ ಹೇಳುತ್ತದೆ. ರಾಜರ ವೈಭವದ ಜೊತೆಗೆ ಕೆರೆಯೂ ಕಲ್ಲಿನಲ್ಲಿ ಉಳಿಯಬೇಕು ಎಂದು ಅವರಿಗೆ ಅನ್ನಿಸಿತ್ತು. ನಮಗೆ ಕಲ್ಲು ಬೇಡ, ಇನ್ನೂರು ಪುಟದ ಒಂದು ಗಟ್ಟಿ ರಟ್ಟಿನ ಪುಸ್ತಕ ಸಾಕು.

ಆ ಪುಸ್ತಕ, ಟೇಪು, ಮಕ್ಕಳಿಗೆ ಬೇಕಾದ ಕಾಲುಚೀಲ ಮತ್ತು ಬೂಟು, ಇವುಗಳ ಖರ್ಚನ್ನು ನಮ್ಮ ಬ್ಯಾಚಿನ ಹಳೆಯ ವಿದ್ಯಾರ್ಥಿಗಳು ಹೊರಲು ಒಪ್ಪಿದ್ದೇವೆ. ಹಳ್ಳಕ್ಕೆ ಮುರಿದು ಬಿದ್ದಿರುವ ಸಂಕವನ್ನು ದೊಡ್ಡಪ್ಪ ಮತ್ತು ನನ್ನ ಸಹಪಾಠಿ ಬರುವ ದೀಪಾವಳಿಯೊಳಗೆ ಹಾಕಿಕೊಡುವುದಾಗಿ ಹೇಳಿದ್ದಾರೆ. ವಿಜ್ಞಾನ ಮತ್ತು ಗಣಿತದ ಶಿಕ್ಷಕರಲ್ಲಿ ನನ್ನ ಪ್ರಾರ್ಥನೆ, ಇದನ್ನು ಹೆಚ್ಚಿನ ಹೊರೆ ಎಂದು ತಿಳಿಯದೆ ಒಂದು ದಿನದ ಪಾಠ ಎಂದು ತಿಳಿಯಿರಿ. ಊರಿನ ಹಿರಿಯರಲ್ಲಿ ಪ್ರಾರ್ಥನೆ, ಆ ದಿನ ನಿಮ್ಮಲ್ಲಿ ಒಬ್ಬರಾದರೂ ಮಕ್ಕಳ ಜೊತೆ ಬನ್ನಿ. ಮರದ ಹೆಸರು ನಮ್ಮ ಫೋನಿಗೆ ಗೊತ್ತಿಲ್ಲ, ನಿಮಗೆ ಗೊತ್ತು. ನಮ್ಮ ದೊಡ್ಡಪ್ಪ ಆ ಒಂದು ದಿನದಲ್ಲಿ ನಲವತ್ತೊಂದು ಮರದ ಹೆಸರು ಹೇಳಿದರು, ಎಂಟನೇ ತರಗತಿಯ ಹುಡುಗಿ ಎಲ್ಲವನ್ನೂ ಬರೆದುಕೊಂಡಿದ್ದಾಳೆ. ಹಾಜರಿ ಪುಸ್ತಕದ ಮೊದಲ ಪುಟ ಅದೇ ಆಗಲಿ.